ಪಾಚಿಗೆ ಬೆಲೆ ಬರುವ ಕಾಲ

ವರ್ಷದ ಹನ್ನೊಂದು ತಿಂಗಳು ನಮ್ಮ ಕಾಂಪೌಂಡ್ ಗೋಡೆಯ ಪಾಚಿಗೆ ಯಾವ ಮರ್ಯಾದೆಯೂ ಇಲ್ಲ. ಮಳೆಗಾಲದಲ್ಲಿ ಅದನ್ನು ಕೆರೆಸಲು ಆಳಿಗೆ ಸಂಬಳ ಕೊಡಬೇಕು. ಅಂಗಳಕ್ಕೆ ಇಳಿದ ಪಾಚಿಯ ಮೇಲೆ ಜಾರಿ ಬಿದ್ದವರ ಸೊಂಟಕ್ಕೆ ಎಣ್ಣೆ ತಿಕ್ಕಬೇಕು. ಮುರಕಲ್ಲಿನ ಗೋಡೆಗೆ ಗಾರೆ ಮಾಡಿಸದೆ ಹಾಗೆಯೇ ಬಿಟ್ಟದ್ದಕ್ಕೆ ಮನೆಯವಳ ಮಾತು ಕೇಳಬೇಕು. ಡಿಸೆಂಬರ್ ಬಂತೆಂದರೆ ಪಕ್ಕದ ಮನೆಯ ಪೊರ್ಬುಗಳು ಬಂದು ಅದೇ ಗೋಡೆಯ ಮುಂದೆ ಕೈಕಟ್ಟಿ ನಿಂತು, ಚಿನ್ನದಂಗಡಿಯ ಗಾಜಿನೊಳಗೆ ಇಣುಕುವವರ ಹಾಗೆ ನೋಡುತ್ತಾರೆ.

“ಈ ಸಲ ಬಡಗು ಬದಿಯದ್ದು ಒಳ್ಳೆಯದುಂಟು ಮಾಷ್ಟ್ರೇ. ತೆಂಕಿನದ್ದು ಬಿಸಿಲಿಗೆ ಕರಟಿದೆ.”

ಗೋದಲಿಗೆ ಪಾಚಿ ಬೇಕು. ಗೋದಲಿ ಎಂದರೆ ಏನೆಂದು ನಮ್ಮ ಕಿನ್ನಿಗೋಳಿ ಕಡೆಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ: ಕ್ರಿಸ್ಮಸ್ಸಿಗೆ ಮನೆಯಂಗಳದಲ್ಲಿ ಕಟ್ಟುವ, ಯೇಸು ಹುಟ್ಟಿದ ದನದ ಕೊಟ್ಟಿಗೆ. ಅದರ ಸುತ್ತ ಗುಡ್ಡ, ಗದ್ದೆ, ತೋಡು, ಕುರಿ, ಕುರುಬರು, ಒಂಟೆಯ ಮೇಲೆ ಬರುವ ಮೂವರು ರಾಯರು. ಮಕ್ಕಳಿರುವ ಮನೆಯಾದರೆ ಒಂದು ಹುಲಿ, ಎರಡು ಕಾರು, ಬಜ್ಪೆಯಲ್ಲಿ ಇಳಿಯಲು ಹೊರಟ ಒಂದು ವಿಮಾನವೂ ಇರುತ್ತದೆ. ಗುಡ್ಡದ ಹಸುರಿಗೆ ಪಾಚಿಯಷ್ಟು ಒಪ್ಪುವ ವಸ್ತು ಬೇರೆ ಇಲ್ಲ. ಜೂನಿನಲ್ಲಿ ಊರಿಗೆ ಊರೇ ಪಾಚಿಯಾಗಿರುತ್ತದೆ, ಆಗ ಹಬ್ಬವಿಲ್ಲ. ಹಬ್ಬ ಬರುವ ಹೊತ್ತಿಗೆ ಪಾಚಿ ಇಲ್ಲ. ಆದ್ದರಿಂದ ನಾನು ನವೆಂಬರಿನಿಂದಲೇ ಸಂಜೆ ಹೊತ್ತು ಗೋಡೆಗೆ ನೀರು ಹಾಕುತ್ತೇನೆ. ದಾರಿಹೋಕರು ಮೊದಮೊದಲು ನಿಂತು ನೋಡುತ್ತಿದ್ದರು. ಮಾಷ್ಟ್ರಿಗೆ ರಿಟೈರಾದ ಮೇಲೆ ಹೀಗಾಗಿದೆ ಎಂದುಕೊಂಡು ಈಗ ಸುಮ್ಮನೆ ಹೋಗುತ್ತಾರೆ. ಮನೆಯವಳು ಮಾತ್ರ ನೆನಪಿಸುತ್ತಾಳೆ: “ಗೋಡೆಗೆ ನೀರು ಹಾಕಿದಿರಾ?” ಅವಳ ಕಾಳಜಿ ಪಾಚಿಯ ಮೇಲಲ್ಲ, ಅದಕ್ಕೆ ಪ್ರತಿಯಾಗಿ ಬರುವ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯ ಮೇಲೆ. ಒಂದು ಬುಟ್ಟಿ ಪಾಚಿಗೆ ಒಂದು ತಟ್ಟೆ ಕುಸ್ವಾರ್ ಎಂಬುದು ಎರಡೂ ಮನೆಯವರು ಬಾಯಿಬಿಟ್ಟು ಆಡದೆ ಒಪ್ಪಿಕೊಂಡ ದರ. ತಟ್ಟೆಯಲ್ಲಿ ನೆವರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಎಲ್ಲವೂ ಇರಬೇಕು. ಪೊರ್ಬುಗಳ ಹೆಂಡತಿ ಬಾಯಮ್ಮ ಒಂದು ವರ್ಷ ನೆವರಿ ಕಡಿಮೆ ಹಾಕಿದರು. ಮರುವರ್ಷ ನಮ್ಮ ಗೋಡೆಯಲ್ಲಿ ಪಾಚಿಯೂ ಕಡಿಮೆ ಬೆಳೆದಿತ್ತು. ಅದು ಕಾಕತಾಳೀಯ.

ಇಷ್ಟರವರೆಗೆ ಸುಖವಾಗಿ ನಡೆದುಬಂದಿತ್ತು. ಕಳೆದ ಸಲ ಅವರ ಇಗರ್ಜಿಯ ಗೋದಲಿ ಸ್ಪರ್ಧೆಗೆ ಹೊಸ ನಿಯಮ ಬಂತು: ಪ್ರಾಕೃತಿಕ ವಸ್ತುಗಳನ್ನೇ ಬಳಸಬೇಕು, ಪ್ಲಾಸ್ಟಿಕ್ ಕಂಡರೆ ಅಂಕ ಕಳೆಯಲಾಗುವುದು. ಪೊರ್ಬುಗಳು ಆ ಚೀಟಿಯನ್ನು ನನಗೆ ಓದಿ ಹೇಳಿ, “ಖರ್ಚೇ ಇಲ್ಲ ಮಾಷ್ಟ್ರೇ, ಎಲ್ಲ ಹಿತ್ತಿಲಿನಲ್ಲೇ ಉಂಟು” ಎಂದು ಸಂತೋಷಪಟ್ಟರು. ಯಾರ ಹಿತ್ತಿಲಿನಲ್ಲಿ ಎಂದು ಹೇಳಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಹಿಮಕ್ಕೆ. ಥರ್ಮೋಕೋಲ್ ಪುಡಿಯ ಹಿಮದ ಕಾಲ ಹೇಗೂ ಮುಗಿದಿತ್ತು. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಮೂವತ್ತು ಡಿಗ್ರಿ ಸೆಕೆಯ ಕರಾವಳಿಗೆ ಹಿಮ ಯಾಕೆ ಎಂದು ನಾನು ಕೇಳಿದೆ. ಬೆತ್ಲೆಹೇಮ್ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು, ಅಲ್ಲಿ ಅಪರೂಪಕ್ಕೆ ಹಿಮ ಬೀಳುವುದುಂಟು ಎಂದು ನಾನೇ ಹಿಂದೊಮ್ಮೆ ಅವರಿಗೆ ಪಾಠ ಹೇಳಿದ್ದನ್ನು ಅವರು ನನಗೇ ತಿರುಗಿಸಿದರು. ಮೇಷ್ಟ್ರುಗಳಿಗೆ ಇದೊಂದು ತೊಂದರೆ. ಕೊನೆಗೆ ಹಳೆಯ ತಲೆದಿಂಬೊಂದನ್ನು ಬಿಚ್ಚಿ ಬೂರುಗದ ಹತ್ತಿ ಹರಡಿದರು. ಬೆಳಿಗ್ಗೆ ನೋಡಲು ಚೆಂದವೇ ಇತ್ತು. ಮಧ್ಯಾಹ್ನ ಕಡಲಗಾಳಿ ಎದ್ದಿತು ನೋಡಿ, ಹಿಮವೆಲ್ಲ ಬೇಲಿ ಹಾರಿ ನಮ್ಮ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಬಿತ್ತು. ಸಂಜೆ ಬಂದ ಅಡಿಕೆ ವ್ಯಾಪಾರಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, “ಬೂಷ್ಟು ಬಂದಿದೆಯಲ್ಲ ಮಾಷ್ಟ್ರೇ” ಎಂದು ದರ ಇಳಿಸಲು ಹೊರಟ. ಬೂಷ್ಟಲ್ಲ ಮಾರಾಯ, ಹಿಮಪಾತ ಎಂದರೆ ಯಾರು ನಂಬುತ್ತಾರೆ?

ಎರಡನೆಯದು ಮಾಡು. ಕೊಟ್ಟಿಗೆಯ ಮಾಡಿಗೆ ಮುಳಿಹುಲ್ಲೇ ಆಗಬೇಕೆಂದು ಪೊರ್ಬುಗಳ ಹಟ. ಹಿಂದೆ ಗುಡ್ಡೆ ತುಂಬ ಮುಳಿಹುಲ್ಲು ಇತ್ತು, ಈಗ ಗುಡ್ಡೆಯಲ್ಲಿ ರಬ್ಬರು, ಇಲ್ಲವೆ ಲೇಔಟು. ಹುಲ್ಲು ಹೇಗೋ ಒಂದು ಹೊರೆ ಸಿಕ್ಕಿತು. ಹೊದೆಸುವವರು ಯಾರು? ಪದರದ ಮೇಲೆ ಪದರ ಇಟ್ಟು, ಕೆಳಗಿನಿಂದ ಮೇಲಕ್ಕೆ ಕಟ್ಟುತ್ತ ಹೋಗುವ ಆ ಕೆಲಸ ಗೊತ್ತಿದ್ದ ಅಜ್ಜಂದಿರೆಲ್ಲ ತೀರಿಕೊಂಡಿದ್ದಾರೆ.

“ಇದೆಲ್ಲ ನಿಮ್ಮವರದ್ದೇ ಉಪಕಾರ” ಎಂದೆ. “1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಊರಿನ ಮುಳಿಮಾಡುಗಳೆಲ್ಲ ಒಂದೊಂದಾಗಿ ಹೋದವು. ಈಗ ನೀವೇ ಮುಳಿಹುಲ್ಲು ಹುಡುಕಿಕೊಂಡು ಬಂದಿದ್ದೀರಿ.”

“ಅವರು ಪ್ರೊಟೆಸ್ಟೆಂಟಿನವರು ಮಾಷ್ಟ್ರೇ!” ಪೊರ್ಬುಗಳು ಏಣಿಯ ಮೇಲಿಂದಲೇ ಪ್ರತಿಭಟಿಸಿದರು. “ನಾವು ಕ್ಯಾಥೊಲಿಕರು. ನಮಗೆ ಹಂಚು ಕೊಟ್ಟವರೂ ಅವರೇ, ಬಿಲ್ಲು ಕೊಟ್ಟವರೂ ಅವರೇ.”

ಎರಡಡಿ ಎತ್ತರದ ಕೊಟ್ಟಿಗೆಗೆ ಏಣಿ ಯಾಕೆ ಎಂದು ನಾನು ಕೇಳಲಿಲ್ಲ. ಕೆಲವರಿಗೆ ಏಣಿ ಹತ್ತದೆ ಕೆಲಸ ಮಾಡಿದ ತೃಪ್ತಿ ಬರುವುದಿಲ್ಲ.

ಈ ಹೊತ್ತಿಗೆ ಬೆಂಗಳೂರಿನಿಂದ ಅವರ ಮೊಮ್ಮಗಳು ಬಂದಿಳಿದಳು. ಅವಳ ಮೊಬೈಲಿನಲ್ಲಿ ಪ್ರಾಕೃತಿಕ ಅಲಂಕಾರದ ನೂರಾರು ಚಿತ್ರಗಳಿದ್ದವು: ಪೈನ್ ಕಾಯಿ ಪೋಣಿಸಿದ ಬಾಗಿಲ ಚಕ್ರ, ಹಾಲಿ ಗಿಡದ ಕೆಂಪು ಹಣ್ಣು, ಐವಿ ಬಳ್ಳಿ. ಇವೆಲ್ಲ ಯುರೋಪಿನವರ ಹಿತ್ತಿಲಿನಲ್ಲಿ ಚಳಿಗೆ ಸಾಯದೆ ಉಳಿಯುವ ಗಿಡಗಳು. ಬೇರೆ ಏನೂ ಇಲ್ಲದ್ದರಿಂದ ಅವರು ಅದನ್ನು ಬಾಗಿಲಿಗೆ ಕಟ್ಟಿಕೊಂಡರು. ನಮ್ಮಲ್ಲಿ ಡಿಸೆಂಬರೆಂದರೆ ಕೈಗೆ ಸಿಕ್ಕಿದ್ದೆಲ್ಲ ಹಸುರು. ಹುಡುಗಿಯನ್ನು ಕರೆದುಕೊಂಡು ಹೋಗಿ ಹೋಳುಹೋಳಾಗಿ ಬಿರಿದ ಮಹಾಗನಿ ಕಾಯಿಯ ಚಿಪ್ಪು, ಗಾಳಿಮರದ ಪುಟ್ಟ ಕಾಯಿ, ಮಂಜಟ್ಟಿ ಬೀಜ ಆರಿಸಿಕೊಟ್ಟೆ. ಗುಲಗಂಜಿಯನ್ನೂ ಕಂಡಳು. ಕೆಂಪಿನ ಮೇಲೆ ಕಪ್ಪು ಬೊಟ್ಟು, ಯಾರಿಗೆ ಆಸೆಯಾಗುವುದಿಲ್ಲ? ಅದನ್ನು ಅಗಿದರೆ ಪ್ರಾಣಕ್ಕೇ ಕುತ್ತು, ಮಕ್ಕಳು ಓಡಾಡುವ ಅಂಗಳಕ್ಕೆ ತರುವುದು ಬೇಡ ಎಂದು ಅಲ್ಲೇ ಬಿಡಿಸಿದೆ. ಬಾಗಿಲ ತೋರಣಕ್ಕೆ ನಮ್ಮ ತೋಟದ ಎಳೆ ಹಿಂಗಾರ ಕೊಟ್ಟೆವು. ನಾಗನಿಗೆ ಒಪ್ಪುವ ಹಿಂಗಾರ ಯೇಸುವಿಗೂ ಒಪ್ಪಿತು. ಎಳೆ ಹಳದಿಯ ಆ ಗೊಂಚಲಿನ ಮುಂದೆ ಐವಿ ಬಳ್ಳಿಗೆ ಏನು ಕೆಲಸ? ಹುಡುಗಿ ಎಲ್ಲವನ್ನೂ ಮೆಚ್ಚಿದಳು. ಆದರೂ ಎರಡು ದಿನ ಬಿಟ್ಟು ಒಂದು ಪಾರ್ಸೆಲ್ ಬಂತು. ರಟ್ಟಿನ ಪೆಟ್ಟಿಗೆಯೊಳಗೆ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ನೂರು ಶೇಕಡಾ ನೈಸರ್ಗಿಕ ಪೈನ್ ಕಾಯಿಗಳು.

ಕ್ರಿಸ್ಮಸ್ ಮರಕ್ಕೆ ಗಾಳಿಮರದ ಕೊಂಬೆಯೇ ಗತಿ. ಅದು ಪೈನಿನ ಬಂಧುವೂ ಅಲ್ಲ. ಸೂಜಿಯೆಲೆ ಎಂದು ನಾವು ತಿಳಿದದ್ದು ಎಲೆಯೂ ಅಲ್ಲ, ಹಸುರು ಕಡ್ಡಿ. ನಿಜವಾದ ಎಲೆ ಗೆಣ್ಣಿನ ಸುತ್ತ ಸಣ್ಣ ಪೊರೆಯಾಗಿ ಅಂಟಿಕೊಂಡಿರುತ್ತದೆ, ಕನ್ನಡಕ ಹಾಕಿದರೂ ಕಾಣದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರವಾರದ ಕಡಲತಡಿಯಲ್ಲಿ ಸೌದೆಗೆಂದು ಬೆಳೆಸಿದ ಈ ಮರ ಹಬ್ಬಕ್ಕೆ ದೇವದಾರುವಿನ ವೇಷ ಹಾಕುತ್ತದೆ. ಯಕ್ಷಗಾನದ ನಾಡಿನಲ್ಲಿ ವೇಷಕ್ಕೆ ಆಕ್ಷೇಪ ಎತ್ತುವವರಿಲ್ಲ.

ಆದರೆ ಕಳೆದ ಡಿಸೆಂಬರಿನ ನಿಜವಾದ ಕಥಾನಾಯಕ ಅವರ ಗೇಟಿನ ಪಕ್ಕದ ಕ್ರಿಸ್ಮಸ್ ಹೂವಿನ ಗಿಡ. ಪಾಯಿನ್ಸೆಟಿಯಾ ಎಂದು ಅದರ ದೊಡ್ಡ ಹೆಸರು. ಹುಟ್ಟೂರು ಮೆಕ್ಸಿಕೊ. 1820ರ ದಶಕದಲ್ಲಿ ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೋಯೆಲ್ ಪಾಯಿನ್ಸೆಟ್ ಅದನ್ನು ತನ್ನೂರಿಗೆ ಕಳಿಸಿದ, ಹೆಸರೂ ಅವನದ್ದೇ ಆಯಿತು. ಕೆಂಪಗೆ ಕಾಣುವುದು ಹೂವಿನ ಎಸಳಲ್ಲ, ಬಣ್ಣ ತಿರುಗಿದ ಎಲೆ. ಆ ಎಲೆ ಕೆಂಪಾಗಬೇಕಾದರೆ ವಾರಗಟ್ಟಲೆ ರಾತ್ರಿಗಳು ದೀರ್ಘವಾಗಿರಬೇಕು, ಕತ್ತಲು ಅಖಂಡವಾಗಿರಬೇಕು. ನಡುವೆ ಬೆಳಕು ಬಿತ್ತೋ, ಗಿಡ ಲೆಕ್ಕ ತಪ್ಪಿ ಹಸುರಾಗಿಯೇ ಕೂತುಬಿಡುತ್ತದೆ.

ನಾವೆಲ್ಲ ಸಹಿ ಹಾಕಿ, ಅರ್ಜಿ ಕೊಟ್ಟು, ಓಡಾಡಿ, ಅದೇ ಗೇಟಿನ ಎದುರಿಗೆ ಒಂದು ಎಲ್‌ಇಡಿ ದಾರಿದೀಪ ಹಾಕಿಸಿಕೊಂಡಿದ್ದೆವು. ಅರ್ಜಿಯ ಮೊದಲ ಸಹಿ ಪೊರ್ಬುಗಳದ್ದು.

ಬಾಯಮ್ಮನಿಗೆ ಈ ವಿಷಯ ತಿಳಿದದ್ದು ಅಕ್ಟೋಬರಿನಲ್ಲಿ. ಅವರು ಅರ್ಜಿ ಬರೆಯುವ ಜಾತಿಯವರಲ್ಲ. ಸಂಜೆ ಆರಕ್ಕೆ ಪೊರ್ಬುಗಳ ಹಳೆಯ ಲುಂಗಿಯೊಂದನ್ನು ಗಿಡಕ್ಕೆ ಸುತ್ತಿ, ತಲೆಯ ಮೇಲೆ ಇನ್ನೊಂದನ್ನು ಮುಸುಕು ಹಾಕಿದರು. ಬೆಳಿಗ್ಗೆ ಏಳಕ್ಕೆ ಬಿಚ್ಚಿದರು. ಹಬ್ಬ ಹತ್ತಿರವಾಗುವ ತನಕ ಇದು ತಪ್ಪದೆ ನಡೆಯಿತು. ಗಿಡ ಆಳೆತ್ತರ ಬೆಳೆದಿದ್ದರಿಂದ, ರಾತ್ರಿ ದೂರದಿಂದ ನೋಡಿದವರಿಗೆ ಚೌಕಳಿ ಲುಂಗಿ ಉಟ್ಟು, ತಲೆಗೆ ಮುಸುಕು ಹಾಕಿದ ಯಾರೋ ಒಬ್ಬರು ಗೇಟಿನ ಬಳಿ ಅಲುಗಾಡದೆ ನಿಂತ ಹಾಗೆಯೇ. ದಾರಿದೀಪ ಇಲ್ಲದಿದ್ದರೆ ಯಾರಿಗೂ ಕಾಣುತ್ತಲೇ ಇರಲಿಲ್ಲ. ಬೆಳಗ್ಗಿನ ಜಾವ ಡೇರಿಗೆ ಹಾಲು ಕೊಂಡೊಯ್ಯುವ ಹುಡುಗ ದಾರಿ ಬದಲಿಸಿದ. ಆಟ ಮುಗಿಸಿ ರಾತ್ರಿ ಬರುವವರು ಜೋರಾಗಿ ಪದ ಹೇಳುತ್ತ ದಾಟತೊಡಗಿದರು. ಯಾರೋ ಒಬ್ಬರು ತೆಂಗಿನಕಾಯಿ ಇಟ್ಟು ಹೋದದ್ದೂ ಉಂಟು. ಬಾಯಮ್ಮ ಅದನ್ನು ಒಡೆದು ಗುಳಿಯೊಗೆ ಹಾಲು ತೆಗೆದರು. ಕಾಲ ಬಂದಾಗ ಗಿಡ ತುದಿಯಿಂದ ಕೆಂಪಾಗುತ್ತ ಬಂದು ಹಬ್ಬದ ಹೊತ್ತಿಗೆ ಧಗಧಗಿಸುತ್ತಿತ್ತು. ಪೊರ್ಬುಗಳು ಅದಕ್ಕೊಂದು ಮಿಣುಕು ದೀಪದ ಸರ ಸುತ್ತಲು ಹೋಗಿ, ಜೀವಮಾನದಲ್ಲಿ ಕೇಳದ ಮಾತುಗಳನ್ನು ಹೆಂಡತಿಯ ಬಾಯಿಂದ ಕೇಳಿ ಮರಳಿದರು. ದೀಪದ ಸರಕ್ಕೆ ನಿಯಮದಲ್ಲಿ ವಿನಾಯಿತಿ ಇತ್ತು, ಬಾಯಮ್ಮನ ಬಳಿ ಇರಲಿಲ್ಲ.

ಉಳಿದ ಕೆಲಸಗಳು ಹೇಗೋ ಸಾಗಿದವು. ಓಟೆ ಬಿದಿರು ಸೀಳಿ ನಕ್ಷತ್ರಕ್ಕೆ ಹಂದರ ಕಟ್ಟಿ, ಬಣ್ಣದ ಕಾಗದಕ್ಕೆ ಮೈದಾ ಅಂಟು ಹಚ್ಚಿದ್ದಾಯಿತು. ಅಂಟನ್ನು ರಾತ್ರಿ ಜಿರಳೆಗಳು ಒಂದು ಮೂಲೆಯಿಂದ ಪರೀಕ್ಷಿಸಿದವು. ಗೋದಲಿಯ ಗದ್ದೆಗೆ ಹಬ್ಬಕ್ಕೆ ಹನ್ನೆರಡು ದಿನ ಮುಂಚೆ ತಟ್ಟೆಯಲ್ಲಿ ರಾಗಿ ಬಿತ್ತುತ್ತಾರೆ. ಮೊದಲೇ ಬಿತ್ತಿದರೆ ಪೈರು ಮಲಗುತ್ತದೆ, ತಡವಾದರೆ ಗದ್ದೆ ಬೋಳಾಗಿರುತ್ತದೆ. ಕಳೆದ ಸಲದ ಮೊದಲ ಬೆಳೆ ಕೋಳಿಗಳ ಪಾಲು, ಎರಡನೆಯದು ಕೋಣೆಯೊಳಗೆ ಬೀಗ ಹಾಕಿ ಬೆಳೆಸಿದ್ದು. ಕುರಿಗಳನ್ನು ಮಕ್ಕಳು ಆವೆಮಣ್ಣಿನಲ್ಲಿ ಮಾಡಿದರು. ನಮ್ಮ ಮಳೆಯ ಸೀಮೆಯಲ್ಲಿ ಕುರಿ ಸಾಕುವವರಿಲ್ಲ. ಮಕ್ಕಳು ಹತ್ತಿರದಿಂದ ನೋಡಿದ್ದು ನಾಯಿಗಳನ್ನು. ಅದು ಕೃತಿಯಲ್ಲಿ ಕಾಣುತ್ತಿತ್ತು.

ತೀರ್ಪುಗಾರರು ರಾತ್ರಿ ಬಂದರು. ಎಲ್ಲವನ್ನೂ ನೋಡಿ ತಲೆದೂಗಿದರು. ಅವರಲ್ಲಿ ಒಬ್ಬರು ಬಗ್ಗಿ ಪಾಚಿಯನ್ನು ಚಿವುಟಿ, “ಇದು ಗಲ್ಫಿನಿಂದ ತರಿಸಿದ ಹುಲ್ಲುಹಾಸು ಅಲ್ಲವಾ? ಡಿಸೆಂಬರಿನಲ್ಲಿ ಇಷ್ಟು ಹಸುರು ಎಲ್ಲಿಂದ?” ಎಂದರು. ಪೊರ್ಬುಗಳ ಮುಖ ಕೆಂಪಾಯಿತು. “ಬನ್ನಿ” ಎಂದವರೇ ಟಾರ್ಚು ಹಿಡಿದು ಹೊರಟರು. ಹಿಂದೆ ತೀರ್ಪುಗಾರರು, ಅವರ ಹಿಂದೆ ಮಕ್ಕಳು. ರಾತ್ರಿ ಒಂಬತ್ತೂವರೆಗೆ ನಮ್ಮ ಬೋಳು ಗೋಡೆಯ ಮಹಜರು ನಡೆಯಿತು. ಕೆರೆದ ಗುರುತುಗಳನ್ನು ಕೈಯಾಡಿಸಿ ನೋಡಿದರು. ನಾನು ನವೆಂಬರಿನಿಂದ ನೀರು ಹಾಕಿದ್ದಕ್ಕೆ ಮನೆಯವಳು ಸಾಕ್ಷಿ ನುಡಿದಳು. ಎರಡನೆಯ ಬಹುಮಾನ ಬಂತು.

ಹಬ್ಬದ ಬೆಳಿಗ್ಗೆ, ನಡುರಾತ್ರಿಯ ಬಲಿಪೂಜೆ ಮುಗಿಸಿ ಬಂದ ಪೊರ್ಬುಗಳ ಮನೆಯವರೆಲ್ಲ ಮಲಗಿದ್ದಾಗ, ನಮ್ಮ ಹಸು ಹಗ್ಗ ಬಿಡಿಸಿಕೊಂಡು ಹೋಗಿ ರಾಗಿಯ ಗದ್ದೆ, ಬಾಲಯೇಸುವಿನ ಸುತ್ತಲಿನ ಬೈಹುಲ್ಲು ಎರಡನ್ನೂ ಮುಗಿಸಿ, ಮುಳಿಹುಲ್ಲಿನ ಮಾಡಿಗೆ ಒಮ್ಮೆ ಬಾಯಿ ಹಾಕಿ, ರುಚಿಸದೆ ಬಿಟ್ಟು, ಬೊಂಬೆಗಳಿಗೆ ಯಾವ ಅಪಾಯವನ್ನೂ ಮಾಡದೆ ಅಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ನಾನು ಕ್ಷಮೆ ಕೇಳುವುದರ ಬದಲು ಚರಿತ್ರೆ ಹೇಳಿದೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಹೆಸರಾದ ಆ ಗೋದಲಿ ಮಾಡಿಸಿದಾಗ ಹುಲ್ಲು ತರಿಸಿದರು, ಜೀವಂತ ಎತ್ತು ಕತ್ತೆಗಳನ್ನೇ ತಂದು ನಿಲ್ಲಿಸಿದರು. ಆ ಹುಲ್ಲನ್ನು ಜೋಪಾನವಾಗಿಟ್ಟು, ಕಾಯಿಲೆಯ ದನಗಳಿಗೆ ತಿನ್ನಿಸಿದರೆ ಗುಣವಾಗುತ್ತಿತ್ತೆಂದು ಅವರ ಚರಿತ್ರೆ ಬರೆದ ಚೆಲಾನೋದ ಥಾಮಸ್ ಹೇಳಿದ್ದಾನೆ.

“ನಿಮ್ಮ ದನಕ್ಕೆ ಎಂತ ಕಾಯಿಲೆ?” ಎಂದರು ಬಾಯಮ್ಮ.

ಆ ಸಲದ ತಟ್ಟೆಯಲ್ಲಿ ನೆವರಿ ಎಷ್ಟಿದ್ದವೆಂದು ಹೇಳುವುದಿಲ್ಲ.

ಜನವರಿ 6ರ ಮೂವರು ರಾಯರ ಹಬ್ಬ ಕಳೆದ ಮೇಲೆ ಎಲ್ಲ ಬಿಚ್ಚಿದರು. ಬಿದಿರು ಬಸಳೆ ಚಪ್ಪರಕ್ಕೆ ಹೋಯಿತು, ಗಾಳಿಮರದ ಕೊಂಬೆ ಬಚ್ಚಲೊಲೆಗೆ. ನಾಯಿಕುರಿಗಳನ್ನು ಮಕ್ಕಳು ಹಂಚಿಕೊಂಡರು. ಪೈನ್ ಕಾಯಿಗಳನ್ನು ಹುಡುಗಿ ಪುನಃ ಅದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅಟ್ಟಕ್ಕೇರಿಸಿದಳು. ಈ ವರ್ಷ ಮಾತ್ರ ಪೊರ್ಬುಗಳು ನವೆಂಬರ್ ದಾಟಿದರೂ ಗೋಡೆ ನೋಡಲು ಬರಲಿಲ್ಲ. ಸ್ಪರ್ಧೆಗೆ ಹೊಸ ವಿಷಯ ಬಂದಿದೆಯಂತೆ: ಮರುಭೂಮಿ. ಪಾಚಿಯೂ ಬೇಡ, ಹುಲ್ಲೂ ಬೇಡ, ಬರೀ ಮರಳು. ಮನೆಯವಳು ಕೊಡಪಾನ ಒಳಗಿಟ್ಟಳು.

ನಿನ್ನೆ ಸಂಜೆ ಮೊಮ್ಮಗಳು ಬೇಲಿಯ ಆಚೆಯಿಂದ ಕೂಗಿದಳು. “ಮಾಷ್ಟ್ರಜ್ಜಾ, ನಿಮ್ಮಲ್ಲಿ ಎರಡು ಬುಟ್ಟಿ ಹೊಳೆಯ ಮರಳು ಉಂಟಾ ಅಂತ ಕೇಳ್ತಿದ್ದಾರೆ.”

ದಕ್ಷಿಣ ಕನ್ನಡದಲ್ಲಿ ಮನೆ ಕಟ್ಟುವವರೇ ಮರಳಿಗೆ ಪರ್ಮಿಟ್ ಹಿಡಿದು ಕಾಯುತ್ತಿದ್ದಾರೆ. “ಉಂಟು” ಎಂದೆ. “ಆದರೆ ಒಂದು ತಟ್ಟೆಗೆಲ್ಲ ಆಗುವುದಿಲ್ಲ ಅಂತ ಹೇಳು.”