ಪುರಪಿತೃ ಮೀಮಾಂಸೆ: ಶಿಕಾಗೊ ಕೌನ್ಸಿಲ್ ಚುನಾವಣೆಯ ಒಂದು ಬಹುಶಿಸ್ತೀಯ ಅನುಸಂಧಾನ

ಪೀಠಿಕೆ

ಪ್ರಸ್ತುತ ಪ್ರಬಂಧವು ಅಮೆರಿಕದ ಶಿಕಾಗೊ ನಗರದ ಕೌನ್ಸಿಲ್ ಚುನಾವಣೆಯನ್ನು ಪ್ರಭುತ್ವ, ಪುರ ಮತ್ತು ಪುರಪಿತೃಗಳ ಮುಖಾಮುಖಿಯ ನೆಲೆಯಲ್ಲಿಟ್ಟು, ಅದರ ತಾತ್ವಿಕ ಭಿತ್ತಿಯನ್ನು ಶೋಧಿಸುವ, ಶೋಧಿಸುತ್ತಲೇ ಪ್ರಶ್ನಿಸುವ, ಪ್ರಶ್ನಿಸುತ್ತಲೇ ಬಡ್ತಿಗೆ ಅರ್ಹತೆ ಗಳಿಸುವ ಒಂದು ವಿನಮ್ರ ಯತ್ನ. ಹಿಂದಿನ ವಿದ್ವಾಂಸರು ಈ ವಿಷಯದತ್ತ ಗಮನ ಹರಿಸಿಲ್ಲವೆಂಬುದು ಖೇದಕರ. ಹರಿಸಿದವರನ್ನು ಪ್ರಬಂಧಕಾರ ಓದಿಲ್ಲವಾದ್ದರಿಂದ ಈ ಹೇಳಿಕೆಗೆ ಬಾಧೆಯಿಲ್ಲ.

ವ್ಯಾಪ್ತಿ: 50 ವಾರ್ಡು, ವಾರ್ಡಿಗೊಬ್ಬ ಆಲ್ಡರ್‌ಮನ್ ಅಂದರೆ ಕೌನ್ಸಿಲ್ ಸದಸ್ಯ, ಒಬ್ಬೊಬ್ಬನ ಪಾಲಿಗೆ ಸುಮಾರು 54,000 ಜನ. ನಾಲ್ಕು ವರ್ಷಕ್ಕೊಮ್ಮೆ, ಹಿಮ ಕರಗದ ಫೆಬ್ರವರಿಯ ಕೊನೆಯ ಮಂಗಳವಾರ ಮತದಾನ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಏಪ್ರಿಲ್‌ನಲ್ಲಿ ಮೊದಲಿಬ್ಬರ ನಡುವೆ ಇನ್ನೊಂದು ಸುತ್ತು. ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ, ಚುನಾವಣೆ ಪಕ್ಷಾತೀತ. 1931ರಿಂದ ಈಚೆಗೆ ಒಬ್ಬನೇ ಒಬ್ಬ ರಿಪಬ್ಲಿಕನ್ ಮೇಯರನನ್ನು ಆರಿಸದ ಊರಿನಲ್ಲಿ ಪಕ್ಷಾತೀತರಾಗಿರುವುದು ಅಂಥ ಕಷ್ಟದ ತಪಸ್ಸೇನಲ್ಲ.

ಅಧ್ಯಾಯ ಒಂದು: ಹಸ್ತಾಕ್ಷರ ಪ್ರಾಮಾಣ್ಯವಾದ

ಆಲ್ಡರ್‌ಮನ್ ಪದವಿಯನ್ನು ಕಾಮಿಸುವ ಜೀವಿಯು ತನ್ನ ವಾರ್ಡಿನ 473 ನೋಂದಾಯಿತ ಮತದಾರರ ಸಹಿ ತಂದೊಪ್ಪಿಸಬೇಕು. 470 ಏಕಲ್ಲ, 475 ಏಕಲ್ಲ ಎಂಬುದು ಈ ಅಧ್ಯಯನದ ವ್ಯಾಪ್ತಿಗೆ ಬಾರದು. ಅನುಭವಸ್ಥರು ಇದರ ಎರಡು ಮೂರು ಪಟ್ಟು ಸಹಿ ತರುತ್ತಾರೆ, ಏಕೆಂದರೆ ಎದುರಾಳಿಯ ವಕೀಲ ಒಂದೊಂದನ್ನೂ ಹೆಕ್ಕಿ ತಕರಾರು ಹಾಕುತ್ತಾನೆ. ನ್ಯಾಯದರ್ಶನದಲ್ಲಿ ಪ್ರತ್ಯಕ್ಷ ಮೊದಲು, ಅನುಮಾನ ಆಮೇಲೆ. ಶಿಕಾಗೊ ಚುನಾವಣಾ ಮಂಡಳಿಯಲ್ಲಿ ಅನುಮಾನವೇ ಮೊದಲು. ಅರ್ಜಿಯ ಮೇಲಿನ ಸಹಿಯನ್ನು ಮತದಾರ ನೋಂದಣಿಯ ಕಾಲದಲ್ಲಿ ಎಂದೋ ಹಾಕಿದ ಸಹಿಯೊಂದಿಗೆ ತಾಳೆ ನೋಡುತ್ತಾರೆ. ಬಾಲ ಎತ್ತ ತಿರುಗಿದೆ, ಸುಳಿ ಎಲ್ಲಿ ಮುಗಿದಿದೆ? ಮೊನ್ನೆ ಮನೆ ಬದಲಾಯಿಸಿದವನು, ಕೈ ನಡುಗುವ ಮುದುಕ, ಹೆಂಡತಿಯ ಸಹಿಯನ್ನೂ ತಾನೇ ಹಾಕಿಕೊಟ್ಟ ಉಪಕಾರಿ ಗಂಡ, ಎಲ್ಲರೂ ವಕೀಲನಿಗೆ ಹಬ್ಬದೂಟ. ಹೀಗೆ ಮತ ಬೀಳುವ ಮೊದಲೇ ಅಭ್ಯರ್ಥಿ ಬೀಳುವುದನ್ನು ‘ಪ್ರಾಗ್ಮತೀಯ ಪತನ’ ಎಂದು ಕರೆಯಲು ಈ ಪ್ರಬಂಧ ಪ್ರಸ್ತಾಪಿಸುತ್ತದೆ.

ಅಧ್ಯಾಯ ಎರಡು: ಪುರಪಿತೃಗಳ ಸಪ್ತವಿಧ ವರ್ಗೀಕರಣ

(ಅ) ಚಿರಂಜೀವಿ. ಲಕ್ಷ್ಯ: ಎಡ್ವರ್ಡ್ ಬರ್ಕ್, 14ನೇ ವಾರ್ಡು, 1969ರಿಂದ 2023ರವರೆಗೆ. ಒಳಗೆ ಹಣಕಾಸು ಸಮಿತಿಯ ಅಧ್ಯಕ್ಷ, ಹೊರಗೆ ಆಸ್ತಿತೆರಿಗೆ ಇಳಿಸಿಕೊಡುವ ವಕೀಲ. ಬರ್ಗರ್ ಕಿಂಗ್ ಹೋಟೆಲೊಂದರ ನವೀಕರಣಕ್ಕೆ ಅಡ್ಡಗಾಲಿಟ್ಟು ತನ್ನ ವಕೀಲಿ ಕಚೇರಿಗೆ ಗಿರಾಕಿ ಮಾಡಿಕೊಳ್ಳಲು ನೋಡಿದನೆಂಬ ಆರೋಪ 2019ರ ಜನವರಿಯಲ್ಲಿ ಬಂತು. ಫೆಬ್ರವರಿಯಲ್ಲಿ ಚುನಾವಣೆ. ಮೊದಲ ಸುತ್ತಿನಲ್ಲೇ ಗೆದ್ದ. 2023ರ ಡಿಸೆಂಬರ್‌ನಲ್ಲಿ ಹಲವು ಆರೋಪಗಳಲ್ಲಿ ತಪ್ಪಿತಸ್ಥನೆಂದು ತೀರ್ಪಾಯಿತು. ಎರಡು ವರ್ಷ ಸಜೆ.

(ಆ) ವಂಶೋದ್ಧಾರಕ. ಲಕ್ಷ್ಯ: 33ನೇ ವಾರ್ಡಿನ ರಿಚರ್ಡ್ ಮೆಲ್. 1975ರಿಂದ 2013ರವರೆಗೆ ಕೂತು, ಎದ್ದಾಗ ಮೇಯರ್ ಆ ಕುರ್ಚಿಗೆ ಮೆಲ್‌ನ ಮಗಳನ್ನೇ ನೇಮಿಸಿದರು. ತೆರವಾದ ಸ್ಥಾನಕ್ಕೆ ಹೆಸರು ಸೂಚಿಸುವ ಅಧಿಕಾರ ಮೇಯರರದೇ.

(ಇ) ಗಡಂಗಾಧಿಪತಿ. ಲಕ್ಷ್ಯ: 43ನೇ ವಾರ್ಡಿನ ಪ್ಯಾಡಿ ಬಾಲರ್, ಸಾರಾಯಿ ಅಂಗಡಿಯ ಧಣಿ. ಸುಧಾರಣೆಗೆ ಶಿಕಾಗೊ ಇನ್ನೂ ತಯಾರಾಗಿಲ್ಲವೆಂದು 1955ರಲ್ಲಿ ಸಾರಿದವನು. ಇಡೀ ಕ್ಷೇತ್ರದಲ್ಲಿ ಈತನೊಬ್ಬನೇ ನೇರವಾಗಿ ಮಾತಾಡಿದವನೆಂದು ತೋರುತ್ತದೆ.

ಉಳಿದ ನಾಲ್ಕು ಪ್ರಭೇದಗಳನ್ನು ಓದುಗರೇ ತುಂಬಿಕೊಳ್ಳಲಿ. 1970ರ ದಶಕದಿಂದ ಈಚೆಗೆ 30ಕ್ಕೂ ಹೆಚ್ಚು ಆಲ್ಡರ್‌ಮನ್‌ಗಳು ಅಪರಾಧಿಗಳೆಂದು ಸಾಬೀತಾದ ಊರಿನಲ್ಲಿ ಉದಾಹರಣೆಗಳಿಗೆ ಬರವಿಲ್ಲ. ಅಲ್ಲದೆ ಏಳು ವಿಧ ಎಂದದ್ದು ಏಳು ಎಂದರೆ ಗಂಭೀರವಾಗಿ ಕೇಳಿಸುತ್ತದೆಂದು ಮಾತ್ರ.

ಅಧ್ಯಾಯ ಮೂರು: ವಾರ್ಡಾಧೀಶ್ವರತ್ವದ ತಾತ್ವಿಕ ಆಯಾಮಗಳು

ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲದ, ಎಲ್ಲರೂ ಪಾಲಿಸುತ್ತ ಬಂದ ಒಂದು ಪದ್ಧತಿ ಅಲ್ಲಿದೆ: ವಾರ್ಡಿನೊಳಗಿನ ವಿಷಯಕ್ಕೆ ಆ ವಾರ್ಡಿನ ಆಲ್ಡರ್‌ಮನ್ ಹೇಳಿದ್ದೇ ವೇದ. ಯಾವ ನಿವೇಶನದಲ್ಲಿ ಎಷ್ಟು ಮಹಡಿ, ಯಾವ ಅಂಗಡಿಗೆ ಎಂಥ ಬೋರ್ಡು, ಯಾವ ಗೇಟಿನ ಮುಂದೆ ಪಾದಚಾರಿ ಕಟ್ಟೆ ತಗ್ಗಿಸಬಹುದು ಎಂಬುದೆಲ್ಲ ಅವನ ‘ಹೂಂ’ ಮೇಲೆ ನಿಂತಿರುತ್ತದೆ. ನಿನ್ನ ವಾರ್ಡಿಗೆ ನಾನು ಕೈ ಹಾಕುವುದಿಲ್ಲ, ನನ್ನದಕ್ಕೆ ನೀನು ಹಾಕಬೇಡ. ಈ ಪರಸ್ಪರಾವಲಂಬಿ ಸಾರ್ವಭೌಮತ್ವದ ಬಹುಸ್ತರೀಯ ಸಂಕಥನವನ್ನು ವಿಖಂಡನವಾದಿ ನೆಲೆಯಿಂದ...

ಸಾಕು. ಬೀದಿಯ ಗೇಟಿಗೆ ಇಷ್ಟು ಕಾವಲು ಕಾಯುವವರು ಬೀದಿಯನ್ನೇ ಮಾರುವಾಗ ಏನು ಮಾಡಿದರು ಅಂತ ನೋಡೋಣ.

2008ರ ಡಿಸೆಂಬರ್ 2ರಂದು ಮೇಯರ್ ರಿಚರ್ಡ್ ಎಂ. ಡೇಲಿ ಊರಿನ ಸುಮಾರು 36,000 ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಕ್ಕೆ ಖಾಸಗಿಯವರಿಗೆ ವಹಿಸುವ ಒಪ್ಪಂದ ಪ್ರಕಟಿಸಿದರು. ಬೆಲೆ ಸುಮಾರು 115 ಕೋಟಿ ಡಾಲರ್. 4ರಂದು ಕೌನ್ಸಿಲ್ ಒಪ್ಪಿಯಾಯಿತು. ಎರಡೇ ದಿನ. ಪರ 40, ವಿರೋಧ 5. ಮರುವರ್ಷ ನಗರದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಲೆಕ್ಕ ಹಾಕಿ, ಬರಬೇಕಾದದ್ದಕ್ಕಿಂತ 97 ಕೋಟಿ ಡಾಲರ್ ಕಡಿಮೆಗೆ ಕೊಟ್ಟಿದ್ದೀರಿ ಎಂದಿತು. ಅಷ್ಟರಲ್ಲಿ ರುಜು ಒಣಗಿತ್ತು. ಎಷ್ಟೋ ಬಡಾವಣೆಗಳಲ್ಲಿ ಗಂಟೆಗೆ 25 ಸೆಂಟ್ ಇದ್ದ ದರ ಕೆಲವೇ ವರ್ಷಗಳಲ್ಲಿ 2 ಡಾಲರ್ ಆಯಿತು. ಜಾತ್ರೆಗೋ ರಿಪೇರಿಗೋ ರಸ್ತೆ ಮುಚ್ಚಿದರೆ ನಗರವೇ ಕಂಪನಿಗೆ ನಷ್ಟ ತುಂಬಿಕೊಡಬೇಕು. 2080ರ ದಶಕದವರೆಗೆ ಹೀಗೇ. ಆಗ ಕೈ ಎತ್ತಿದವರ ಮೊಮ್ಮಕ್ಕಳೂ ಮುದುಕರಾಗಿರುತ್ತಾರೆ.

ವಿದ್ವಾಂಸರು ಇದನ್ನು ‘ಸಾರ್ವಜನಿಕ ಆಸ್ತಿಯ ನಗದೀಕರಣ’ ಅನ್ನುತ್ತಾರೆ. ನಮ್ಮ ಕಡೆ ಮನೆಹಾಳು ಕೆಲಸ ಅನ್ನುತ್ತೇವೆ.

2023ರ ಫೆಬ್ರವರಿಯಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 36. ಸೆಮಿನಾರುಗಳು ಇದಕ್ಕೆ ‘ನಾಗರಿಕ ನಿರಾಸಕ್ತಿ’ ಎಂಬ ಹೆಸರಿಟ್ಟು, ತಪ್ಪನ್ನು ಹಾಕದವನ ತಲೆಗೆ ಕಟ್ಟಿ, ಊಟಕ್ಕೆ ಏಳುತ್ತವೆ. ತನ್ನ ಬೀದಿಯನ್ನು ಎರಡು ದಿನದಲ್ಲಿ ಎರಡು ತಲೆಮಾರಿಗೆ ಬರೆದುಕೊಟ್ಟದ್ದನ್ನು ಕಂಡವನು ಫೆಬ್ರವರಿಯ ಚಳಿಯಲ್ಲಿ ಯಾವ ಮುಖ ನೋಡಿಕೊಂಡು ಮತಗಟ್ಟೆಗೆ ಹೋಗಬೇಕು? ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆಯಲ್ಲೇ ಕೂತದ್ದು ಮಾತ್ರ ಆ 40 ಜನಕ್ಕೇ ಅನುಕೂಲ.

ಏಕೆಂದರೆ 33ನೇ ವಾರ್ಡಿನ ಕಥೆ ನಾನು ಹೇಳಿದಲ್ಲಿಗೆ ಮುಗಿಯಲಿಲ್ಲ. ಅಪ್ಪ 38 ವರ್ಷ, ಮಗಳು ಆರು ವರ್ಷ ಹಿಡಿದಿದ್ದ ಆ ಕುರ್ಚಿಯನ್ನು 2019ರ ಏಪ್ರಿಲ್‌ನ ಎರಡನೇ ಸುತ್ತಿನಲ್ಲಿ ರೊಸಾನಾ ರೊಡ್ರಿಗಸ್ ಎಂಬ ಹೊಸಬಳು ಗೆದ್ದಳು. ಅಂತರ 13 ಮತ. ಒಂದು ಬೀದಿಯ ಒಂದು ಬದಿಯ ಮನೆಗಳವರು ಹೊರಟರೆ ಸಿಗುವ ಸಂಖ್ಯೆ ಅದು. ಮುಂದಿನ ಚುನಾವಣೆ 2027ರ ಫೆಬ್ರವರಿಯಲ್ಲಿದೆ. ಮಾರಲು ಊರಿನಲ್ಲಿ ಇನ್ನೂ ಬೇಕಾದಷ್ಟು ಉಳಿದಿದೆ.