ಹೌಸ್‌ಫುಲ್ ಆದಮೇಲೆ ಬರುವವರು

ಸಿನಿಮೋತ್ಸವದ ಯಾವ ಪ್ರದರ್ಶನವೂ ನಿಜಕ್ಕೂ ಹೌಸ್‌ಫುಲ್ ಆಗಿರುವುದಿಲ್ಲ ಎಂಬುದು ಒಂದು ಪಂಗಡದವರ ಅಚಲ ನಂಬಿಕೆ. ವೇಳಾಪಟ್ಟಿಗೆ ಬಣ್ಣಬಣ್ಣದ ಗೆರೆ ಎಳೆದು, ಬೆಳಗಾಗುವುದರೊಳಗೆ ಬುಕಿಂಗ್ ಮುಗಿಸುವ ಶಿಸ್ತಿನ ಜನರನ್ನು ಕಂಡರೆ ಇವರಿಗೆ ಒಂಥರಾ ಮರುಕ. ಟಿಕೆಟೆಲ್ಲ ಖರ್ಚಾದ ಮೇಲೆ ನಿಧಾನವಾಗಿ ಬಂದು, ಬಾಗಿಲು ಕಾಯುವ ಸ್ವಯಂಸೇವಕನ ಮುಖಭಾವವನ್ನೇ ಓದುತ್ತ ನಿಲ್ಲುತ್ತಾರೆ. ಲೆಕ್ಕಾಚಾರ ಇಷ್ಟೇ: ಟಿಕೆಟ್ ಇಟ್ಟುಕೊಂಡವರಲ್ಲಿ ಒಬ್ಬರಿಗೆ ನೆಗಡಿ ಬಂದಿರುತ್ತದೆ, ಇನ್ನೊಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುತ್ತಾರೆ, ಮತ್ತೊಬ್ಬರ ಹಿಂದಿನ ಸಿನಿಮಾ ಇನ್ನೂ ಮುಗಿದಿರುವುದಿಲ್ಲ, ಪ್ರಾಯೋಜಕರ ನೆಂಟರಿಗೆಂದು ತೆಗೆದಿಟ್ಟ ಸಾಲಿಗೆ ನೆಂಟರೇ ಬಂದಿರುವುದಿಲ್ಲ. ಊರವರ ಆಲಸ್ಯವೇ ಇವರ ಪಿತ್ರಾರ್ಜಿತ ಆಸ್ತಿ.

ಈ ಆಸ್ತಿಗೆ ಖಾತೆ ಮಾಡಿಕೊಟ್ಟ ಊರೆಂದರೆ ಕೆನಡಾದ ಟೊರಾಂಟೊ. 1976ರಲ್ಲಿ ಶುರುವಾದ ಅಲ್ಲಿನ ಚಿತ್ರೋತ್ಸವದಲ್ಲಿ ಟಿಕೆಟ್ ಉಳ್ಳವರದು ಒಂದು ಸಾಲಾದರೆ, ಇಲ್ಲದವರದು 'ರಷ್ ಲೈನ್' ಎಂಬ ಇನ್ನೊಂದು ಸಾಲು. ಟಿಕೆಟ್ ಇದ್ದವರು ಹದಿನೈದು ನಿಮಿಷ ಮುಂಚೆಯೇ ಹಾಜರಿರಬೇಕು. ಇಲ್ಲವಾದರೆ ಅವರ ಸೀಟಿಗೆ ಖಾತರಿಯಿಲ್ಲ. ಆಮೇಲೆ ಒಳಗಿನ ಖಾಲಿ ಕುರ್ಚಿ ಎಣಿಸಿ, ಅಷ್ಟು ತಲೆಗಳನ್ನು ರಷ್ ಲೈನಿನಿಂದ ಬಿಡುತ್ತಾರೆ. ಕೊನೆಗಳಿಗೆಯ ಮಾಲು, ಅಗ್ಗಕ್ಕೆ ಸಿಕ್ಕೀತು ಎಂದುಕೊಂಡರೆ ಕೆಟ್ಟಿರಿ. ಪೂರ್ತಿ ದರ ತೆರಬೇಕು, ಜೊತೆಗೆ ಕಾಲುನೋವು ಉಚಿತ. ಸುಮಾರು ಎರಡು ಸಾವಿರ ಸೀಟುಗಳ ಪ್ರಿನ್ಸೆಸ್ ಆಫ್ ವೇಲ್ಸ್ ಥಿಯೇಟರಿನ ಮುಂದೆ ಹೀಗೆ ಗಂಟೆಗಟ್ಟಲೆ ನಿಂತವರಲ್ಲಿ ಸ್ನೇಹ ಬೆಳೆಯುತ್ತದೆ, ವಾದ ಹತ್ತುತ್ತದೆ. 'ಒಂದು ನಿಮಿಷ ಜಾಗ ನೋಡ್ಕೊಳ್ಳಿ, ಕಾಫಿ ತರ್ತೀನಿ' ಎಂಬ ಒಪ್ಪಂದಗಳು ಸಹಿಯಿಲ್ಲದೆ ಜಾರಿಯಾಗುತ್ತವೆ.

ಸಾಲಿನ ತುದಿಗೆ ಬಂದಾಗ ಸ್ವಯಂಸೇವಕರು ಕೇಳುವ ಪ್ರಶ್ನೆಯೊಂದಿದೆ: 'ಒಬ್ಬರೇ ಯಾರಿದ್ದೀರಿ?' ಖಾಲಿ ಉಳಿಯುವ ಕುರ್ಚಿಗಳು ಸಾಮಾನ್ಯವಾಗಿ ಒಂಟಿಯಾಗಿಯೇ ಇರುತ್ತವೆ. ಮದುವೆಮನೆಗಳಲ್ಲಿ 'ಇನ್ನೂ ಆಗಿಲ್ವಾ?' ಎಂದು ಕೇಳಿಸಿಕೊಂಡು ಸಾಕಾದ ಬ್ರಹ್ಮಚಾರಿಗೆ ಅವಿವಾಹಿತತನ ಒಂದು ಅರ್ಹತೆಯಾಗಿ ಒದಗುವುದು ಆಗ ಮಾತ್ರ. ಜೋಡಿಯಾಗಿ ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. 'ನೀನು ಹೋಗು' ಎನ್ನುವ ಗಂಡ ಹೆಂಡತಿಯೂ ಹಾಗೇ ಎನ್ನಲಿ ಎಂದು ಕಾಯುತ್ತಿರುತ್ತಾನೆ. ಆಕೆ ಅಷ್ಟರಲ್ಲಿ ಒಳಗೆ ಹೋಗಿರುತ್ತಾಳೆ.

ಒಳಹೊಕ್ಕವರಿಗೆ ಓಟಿನ ಹಕ್ಕೂ ಇದೆ. ಟೊರಾಂಟೊದ ಮುಖ್ಯ ಪ್ರಶಸ್ತಿ ತೀರ್ಪುಗಾರರದಲ್ಲ, ಪ್ರೇಕ್ಷಕರದು. 2008ರಲ್ಲಿ ಅದನ್ನು ಗೆದ್ದ 'ಸ್ಲಮ್‌ಡಾಗ್ ಮಿಲಿಯನೇರ್' ಮರುವರ್ಷ ಆಸ್ಕರ್‌ಗಳನ್ನು ಬಾಚಿಕೊಂಡಿತು. ಯಾರದೋ ನೆಗಡಿಯಿಂದ ಸೀಟು ಗಿಟ್ಟಿಸಿದವನ ಮತವೂ ಅದರಲ್ಲಿ ಸೇರಿರಲಿಕ್ಕೆ ಸಾಕು.

ಫ್ರಾನ್ಸಿನ ಕಾನ್‌ನಲ್ಲಿ ಇದೇ ಕಸುಬಿಗೆ ಸೂಟು ಹೊಲಿಸಬೇಕು. ಸಂಜೆಯ ಗಾಲಾ ಪ್ರದರ್ಶನಗಳಿಗೆ ಔಪಚಾರಿಕ ಉಡುಪು ಕಡ್ಡಾಯ. ಹಾಗಾಗಿ ಉತ್ಸವ ಭವನದ ಸುತ್ತ ಕಪ್ಪು ಕೋಟು, ಇಸ್ತ್ರಿ ಷರ್ಟಿನ ಸದ್ಗೃಹಸ್ಥರು 'ದಯವಿಟ್ಟು ಒಂದು ಆಹ್ವಾನಪತ್ರ' ಎಂದು ಫ್ರೆಂಚಿನಲ್ಲಿ ಬರೆದ ರಟ್ಟು ಹಿಡಿದು ನಿಂತಿರುತ್ತಾರೆ. ಇಷ್ಟು ಟಾಕುಟೀಕಾಗಿ ಬೇಡುವವರು ಬೇರೆಲ್ಲೂ ಸಿಗಲಿಕ್ಕಿಲ್ಲ. ನಮ್ಮ ಮೆಜೆಸ್ಟಿಕ್‌ನ ಹಳೇ ಥಿಯೇಟರುಗಳ ಮುಂದಾದರೆ ಬ್ಲ್ಯಾಕ್‌ನವನು ಕಣ್ಸನ್ನೆ ಮಾಡುತ್ತಿದ್ದ, ದುಡ್ಡು ಬಿಚ್ಚಿದರೆ ಬಾಲ್ಕನಿ. ಕಾನ್‌ನ ಆಹ್ವಾನಪತ್ರ ಮಾರುವಂತಿಲ್ಲ, ಆದ್ದರಿಂದ ಮುಖದ ದೈನ್ಯವೊಂದೇ ಬಂಡವಾಳ. ಪತ್ರ ಸಿಕ್ಕರೂ ನಿಶ್ಚಿಂತೆಯಿಲ್ಲ. 2015ರಲ್ಲಿ ಹಿಮ್ಮಡಿ ಎತ್ತರವಿಲ್ಲದ ಚಪ್ಪಲಿ ಹಾಕಿದ್ದರೆಂದು ಕೆಲವು ಹೆಂಗಸರನ್ನು ಬಾಗಿಲಲ್ಲೇ ತಡೆದು, ಅದು ಜಗತ್ತಿಗೆಲ್ಲ ಸುದ್ದಿಯಾಯಿತು. ಈಗ ಟಿಕೆಟ್ಟೆಲ್ಲ ಆನ್‌ಲೈನು. ನಾಲ್ಕು ದಿನ ಮುಂಚೆ ಬೆಳಿಗ್ಗೆ 7ಕ್ಕೆ ಕಿಟಕಿ ತೆರೆಯುತ್ತದೆ. ಹಿಂದಿನ ರಾತ್ರಿಯ ಪಾರ್ಟಿಯಿಂದ ತಡವಾಗಿ ಮಲಗಿದ ವಿಮರ್ಶಕರು ಅಲಾರಂ ಹೊಡೆತಕ್ಕೆ ಎದ್ದು, ಅರೆಗಣ್ಣಿನಲ್ಲೇ ಫೋನು ತೀಡುತ್ತಾರೆ.

ಅಮೆರಿಕದ ಸನ್‌ಡಾನ್ಸ್ ಉತ್ಸವ ಜನವರಿಯ ಹಿಮದಲ್ಲಿ ನಡೆಯುವುದರಿಂದ, ಜನ ಸೆಟೆದು ಹೋಗದಿರಲೆಂದು ಕಾಯುವಿಕೆಯನ್ನೇ ಫೋನಿಗೆ ವರ್ಗಾಯಿಸಿತು. ಪ್ರದರ್ಶನಕ್ಕೆ ಎರಡು ಗಂಟೆ ಮುಂಚೆ ಒತ್ತಿದರೆ ಸರದಿಯ ನಂಬರು. ಅನುಕೂಲವೇನೋ ಸರಿ, ಆದರೆ ಪಕ್ಕದವರೊಡನೆ ಜಗಳವಾಡುವ ಸುಖ ಹೋಯಿತು.

ಆ ಸುಖ ಸಮೃದ್ಧವಾಗಿ ಉಳಿದಿರುವುದು ತಿರುವನಂತಪುರದಲ್ಲಿ. 1996ರಿಂದ ನಡೆಯುತ್ತಿರುವ ಕೇರಳದ ಉತ್ಸವದಲ್ಲಿ ಕೊರಿಯಾದ ಕಿಮ್ ಕಿ-ಡುಕ್ ಮಲಯಾಳದ ಸ್ಟಾರ್‌ಗಳಿಗೆ ಸಮನಾಗಿ ಜನ ಸೇರಿಸುತ್ತಿದ್ದ ನಿರ್ದೇಶಕ. 2022ರ ಡಿಸೆಂಬರಿನಲ್ಲಿ ಟಾಗೋರ್ ಥಿಯೇಟರಿನಲ್ಲಿ ಲಿಜೊ ಜೋಸ್ ಪೆಲ್ಲಿಶ್ಶೇರಿಯವರ 'ನನ್‌ಪಕಲ್ ನೇರತ್ತ್ ಮಯಕ್ಕಂ' ಮೊದಲ ಬಾರಿ ತೆರೆಕಂಡಾಗ, ಸೀಟು ಸಿಗದವರು ಘೋಷಣೆ ಕೂಗಿ, ವಿಷಯ ಪೊಲೀಸ್ ಕೇಸಿನವರೆಗೂ ಹೋಯಿತು. ಇಡೀ ಚಿತ್ರದ ಮೂಲ ಒಬ್ಬ ಮನುಷ್ಯನ ಮಧ್ಯಾಹ್ನದ ಜೊಂಪು ಎಂಬುದನ್ನು ನೆನೆದರೆ ಹೊರಗಿನ ಗದ್ದಲಕ್ಕೆ ಬೇರೆಯೇ ಕಳೆ ಬರುತ್ತದೆ.

ಬೆಂಗಳೂರಿನ ಉತ್ಸವ ಬಹಳ ವರ್ಷ ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ನಡೆಯಿತು. ಕೊರಳಲ್ಲಿ ಪಾಸ್ ನೇತಾಡುತ್ತಿದ್ದರೂ ಕ್ಯೂ ತಪ್ಪಿದ್ದಲ್ಲ. ಇಲ್ಲಿನವರ ಕೈಚಳಕ ಕಾಣುವುದು ಬಾಗಿಲು ತೆರೆದ ಮೇಲೆ: ಕೆಎಸ್ಸಾರ್ಟಿಸಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯೇ ಏರ್‌ಕಂಡಿಷನ್ ಹಾಲಿಗೆ ಬಡ್ತಿ ಪಡೆದಂತೆ, ವೇಲು, ನೀರಿನ ಬಾಟಲಿ, ಉತ್ಸವದ ಕೈಪಿಡಿ ಎಲ್ಲವೂ ಒಂದೊಂದು ಕುರ್ಚಿಯ ಮೇಲೆ ಆಸೀನವಾಗುತ್ತವೆ. 'ಯಾರಾದ್ರೂ ಇದಾರಾ ಸಾರ್?' ಎಂದರೆ, 'ಬರ್ತಾ ಇದಾರೆ ಸಾರ್, ಪಾರ್ಕಿಂಗ್‌ನಲ್ಲಿದಾರೆ.' ಪಾರ್ಕಿಂಗ್‌ನಲ್ಲಿದ್ದ ಆ ಮಹನೀಯರು ಇಂಟರ್‌ವಲ್ ಇಲ್ಲದ ಚಿತ್ರ ಮುಗಿದರೂ ಬಂದಿರುವುದಿಲ್ಲ. ಅಷ್ಟರಲ್ಲಿ ಹೊರಗೆ ಮೂವತ್ತು ಜನ 'ಫುಲ್ ಆಗಿದೆ' ಎಂದು ಹೇಳಿಸಿಕೊಂಡು ವಾಪಸ್ಸಾಗಿರುತ್ತಾರೆ.

ನಿಂತು ನಿಂತು ಬೇಸತ್ತವರಿಗೆ ಫಿಲಿಪ್ಪೀನ್ಸಿನ ಲಾವ್ ಡಿಯಾಜ್ ಇದ್ದಾರೆ. 2016ರ ಬರ್ಲಿನ್ ಉತ್ಸವದ ಸ್ಪರ್ಧೆಯಲ್ಲಿದ್ದ ಇವರ ಚಿತ್ರದ ಉದ್ದ ಎಂಟು ಗಂಟೆ. ಇಂಥ ಚಿತ್ರಗಳಿಗೆ ಶಿಫಾರಸು ಬೇಕಿಲ್ಲ, ರಟ್ಟು ಹಿಡಿಯಬೇಕಿಲ್ಲ, ಒಂಟಿಯಾಗಿರಬೇಕೆಂಬ ನಿಯಮವೂ ಇಲ್ಲ. ಸಂಸಾರ ಸಮೇತ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗಬಹುದು. ಶುರುವಿನಲ್ಲಿ ಮೂಲೆಯ ಸೀಟೇ ಸಿಕ್ಕರೂ ಚಿಂತೆಯಿಲ್ಲ, ಮೂರನೇ ಗಂಟೆಯ ಹೊತ್ತಿಗೆ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ಹೋಗಿ, ಕಾಲು ಚಾಚುವಷ್ಟು ಜಾಗವಾಗುತ್ತದೆ.