ಮದ್ದಿಲ್ಲದ ಸೂಜಿ

ಅಕ್ಯುಪಂಕ್ಚರ್ ಕಲಿಯುವವರಿಗೆ ಪುಸ್ತಕ ಸಿಗುತ್ತದೆ, ಸೂಜಿ ಸಿಗುತ್ತದೆ. ಸಿಗದೇ ಇರುವುದು ಮೈ. ಶಾಸ್ತ್ರದ 361 ಬಿಂದುಗಳನ್ನು ಉರು ಹೊಡೆದೆ. ಹತ್ತಿಯುಂಡೆಗೆ, ಕಿತ್ತಳೆಗೆ, ಕೊನೆಗೆ ನನ್ನ ಕಾಲಿಗೇ ಚುಚ್ಚಿಕೊಂಡೆ. 'ಇನ್ನು ನನ್ನ ಕಣ್ಣೆದುರು ಬೇರೆಯವರ ಮೇಲೆ ಕೈ ಪಳಗಲಿ' ಎಂದರು ಗುರುಗಳು. ಚಾಮರಾಜನಗರದ ನಂಟರನ್ನೆಲ್ಲ ನೆನಪಿಸಿಕೊಂಡೆ.

ಸೂಜಿಗೆ ಹೆದರುವ ಜನವಲ್ಲ ನಮ್ಮವರು. ನೆಗಡಿಗೆ ಡಾಕ್ಟರು ಬರೀ ಮಾತ್ರೆ ಬರೆದರೆ, 'ಒಂದ್ ಸೂಜಿ ಹಾಕ್ಬುಡಿ ಸಾ' ಎಂದು ಕೇಳಿ ಹಾಕಿಸಿಕೊಳ್ಳುವವರು. ಅವರ ತಕರಾರೇ ಬೇರೆ. ಕಾಲು ಮಿಲಿಮೀಟರ್ ದಪ್ಪದ ನನ್ನ ಸೂಜಿಯನ್ನು ಸೋದರತ್ತೆ ಕಸಿದು ಬೆಳಕಿಗೆ ಹಿಡಿದರು. (ಆ ಸೂಜಿ ಸೀದಾ ಕಸಕ್ಕೆ ಹೋಯಿತು.) 'ಮದ್ದೆಲ್ಲಿ ಕೂಸು?' ಮದ್ದಿಲ್ಲ ಅತ್ತೆ, ಬರೀ ಸೂಜಿ ಎಂದೆ. 'ಬರೀ ಸೂಜಿ ಚುಚ್ಚುಸ್ಕೊಳ್ಳಕ್ಕೆ ನಾನೇನ್ ಹರ್ದೋದ್ ಸೀರೆಯಾ?'

ಸೊಲ್ಲಾಪುರದ ಡಾ. ಕೋಟ್ನಿಸ್ ಜೊತೆ 1938ರಲ್ಲಿ ಚೀನಾಕ್ಕೆ ಹೋಗಿದ್ದ ಕಲ್ಕತ್ತೆಯ ಡಾ. ಬಿಜಯ್ ಕುಮಾರ್ ಬಸು ಮುಂದೆ ಈ ವಿದ್ಯೆಯನ್ನು ನಮ್ಮ ದೇಶಕ್ಕೆ ತಂದದ್ದು, 2003ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೂ ಇದನ್ನೊಂದು ಚಿಕಿತ್ಸಾಕ್ರಮವೆಂದು ಒಪ್ಪಿದ್ದು, ಎಲ್ಲವನ್ನೂ ಹೇಳಿದೆ. ಅತ್ತೆ ಪೂರಾ ಕೇಳಿಸಿಕೊಂಡು, 'ಮದ್ದು ಹಾಕ್ಬ್ಯಾಡಿ ಅಂತ ಸರ್ಕಾರದೋರು ಅಂದವ್ರಾ?' ಎಂದರು.

ಗುಂಡ್ಲುಪೇಟೆಯಲ್ಲಿ ಪಾಡು ಸುಧಾರಿಸಿತು. ಓಣಂಗೆ ಮುಂಚೆ ಕೇರಳದವರು ಕಾರು ನಿಲ್ಲಿಸಿ ಚೆಂಡುಹೂವಿನ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆ ಫೋಟೋದಲ್ಲಿ ಬೀಳದೇ ಉಳಿಯುವುದು ಹೂ ಕೀಳುವ ಹೆಂಗಸರ ಸೊಂಟ ನೋವು. ನನ್ನ ನಿಜವಾದ ಪಾಠ ಅಲ್ಲಿಂದ ಶುರು. ಬಿಂದು ಹುಡುಕಲು ರೋಗಿಯ ಹೆಬ್ಬೆರಳಿನ ಅಗಲವೇ ಅಳತೆ. ನಾಲ್ಕು ಬೆರಳು ಸೇರಿದರೆ ಮೂರು ಅಳತೆ. ಅರಿಸಿನ ಕಿತ್ತು ದಪ್ಪಗಾದ ಬೆರಳಿನ ಮುಂದೆ ನನ್ನ ಬೆರಳಿನ ಲೆಕ್ಕ ನಡೆಯುವುದಿಲ್ಲ. ಅವರ ಕೈಯನ್ನೇ ಹಿಡಿದು ಅವರ ಕಾಲ ಮೇಲಿಟ್ಟು ಅಳೆಯಬೇಕು. ಕೈ ಹಿಡಿದರೆ ಮಾತು ಶುರು: ಸಂಘದ ಸಾಲ, ಸೊಸೆ, ರಾತ್ರಿ ಹೊಲಕ್ಕೆ ನುಗ್ಗಿದ ಬಂಡೀಪುರದ ಆನೆ. ಸೂಜಿ ಹಾಕಿದ ಮೇಲೆ ಇಪ್ಪತ್ತು ನಿಮಿಷ ಅಲ್ಲಾಡಬಾರದು. ಆದರೆ ಆನೆಯ ಗಾತ್ರವನ್ನು ಕೈಯೆತ್ತದೆ ಹೇಳುವುದು ಹೇಗೆ? ಮಾತುಗಾರರಿಗೆ ಕೈ ಬಿಟ್ಟು ಕಾಲಿಗೆ ಹಾಕಬೇಕೆಂಬುದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಮಂಡಿಯ ಕೆಳಗಿನ ಒಂದು ಬಿಂದುವಿಗೆ ಚುಚ್ಚಿದರೆ ದಣಿದ ಕಾಲು ಇನ್ನೂ ಮೂರು 'ಲೀ' ನಡೆಯುತ್ತದೆಂದು ಚೀನೀಯರ ನಂಬಿಕೆ. ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಕಿಲೋಮೀಟರ್. ಇದನ್ನು ಒಬ್ಬ ಅಜ್ಜನಿಗೆ ಹೆಮ್ಮೆಯಿಂದ ಹೇಳಿದೆ. 'ಅಷ್ಟಕ್ಕೆ ಸೂಜಿ ಯಾಕವ್ವ? ಮಾದಪ್ಪನ ಬೆಟ್ಟಕ್ಕೆ ಪ್ರತಿ ಶಿವರಾತ್ರಿಗೂ ಬರಿಗಾಲಲ್ಲಿ ನಡ್ದೋಯ್ತೀನಿ ಕನ' ಎಂದ ಅಜ್ಜ ಮಂಡಿ ತೋರಿಸಲೇ ಇಲ್ಲ. ಕುತ್ತಿಗೆ ಉಳುಕಿದೆ, ಅದನ್ನು ನೋಡು ಎಂದ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನನಗಿನ್ನೂ ಮೈಗಳು ಸಾಲವು. ಸೊಂಟವೋ ಮಂಡಿಯೋ ನೋಯುತ್ತಿದ್ದರೆ ಬನ್ನಿ, ಗುರುಗಳು ಪಕ್ಕದಲ್ಲೇ ಇರುತ್ತಾರೆ. ಹಸಿದ ಹೊಟ್ಟೆಯಲ್ಲಿ ಬರಬೇಡಿ, ತಲೆ ಸುತ್ತೀತು. ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮೊದಲೇ ಹೇಳಿಬಿಡಿ. ಫೀಸಿಲ್ಲ, ಟೀ ನನ್ನದೇ. ಮದ್ದು ಮಾತ್ರ ಕೇಳಬೇಡಿ.